ಗುಡಿಸದ ಅಂಗಳಕ್ಕೆ ಗುಡಿಸಿದ ಕೂಲಿ



ಹೊಸ್ತಿಲ ಒಳಗಿನದು ಮನೆಯವರದು, ಹೊರಗಿನದು ಊರಿನದು ಎಂದು ನಾವು ಬಾಯಲ್ಲಿ ಹೇಳುತ್ತೇವೆಯೇ ಹೊರತು ನಡೆಯಲ್ಲಿ ಹಾಗೆ ನಡೆದುಕೊಂಡು ಬಂದವರಲ್ಲ. ಬೆಳಗಿನ ಜಾವ ಎದ್ದ ಗೃಹಿಣಿ ಮೊದಲು ಗುಡಿಸುವುದು ತನ್ನ ಪಡಸಾಲೆಯನ್ನಲ್ಲ, ಬಾಗಿಲ ಮುಂದಿನ ಬೀದಿಯ ಭಾಗವನ್ನು. ಸಗಣಿನೀರು ಚಿಮುಕಿಸಿ ರಂಗೋಲಿ ಎಳೆಯುವ ಆ ನಾಲ್ಕು ಮೊಳದ ನೆಲ ಯಾವ ದಾಖಲೆಯಲ್ಲಿಯೂ ಅವಳ ಹೆಸರಿನಲ್ಲಿಲ್ಲ. ಆದರೂ ಅದು ಗುಡಿಸದೆ ಬಿದ್ದಿದ್ದರೆ ಆ ಮನೆಯಲ್ಲಿ ಏನೋ ಕೇಡಾಗಿದೆ ಎಂದು ನೆರೆಯವರು ತಿಳಿಯುತ್ತಾರೆ. ಈ ರೂಢಿಯನ್ನು ಯಾವ ಪೌರಸಭೆಯೂ ಠರಾವು ಮಾಡಿ ತಂದುದಲ್ಲ. ರೂಢಿ ಇರುವಷ್ಟು ಕಾಲ ಠರಾವಿನ ಅಗತ್ಯವೂ ಇರಲಿಲ್ಲ. ರೂಢಿ ತಪ್ಪಿದ ಕಡೆ ಪೌರಸಭೆ ಬರುತ್ತದೆ. ಬರುವಾಗ ಬರಿಗೈಯಲ್ಲಿ ಬರುವುದಿಲ್ಲ, ಬಿಲ್ಲು ಹಿಡಿದುಕೊಂಡು ಬರುತ್ತದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸತ್ಯಕ್ಕನವರ ಕಾಯಕ ಭಕ್ತರ ಮನೆಯ ಅಂಗಳ ಗುಡಿಸುವುದು. ಕಸ ಗುಡಿಸುವ ಕೆಲಸವನ್ನು ಪೂಜೆಗೆ ಸಮನಾಗಿ ಕಂಡ ಪರಂಪರೆ ನಮ್ಮದು. ಸುಂಕ ವಸೂಲು ಮಾಡುವ ಕಾಯಕದವರೂ ಆ ಬಳಗದಲ್ಲಿದ್ದರು. ಸುಂಕದ ಬಂಕಣ್ಣನವರ ಹೆಸರನ್ನು ಓದುಗರು ಕೇಳಿರಬಹುದು. ಗುಡಿಸುವವರೂ ಸುಂಕ ಕೇಳುವವರೂ ಒಂದೇ ಪಂಕ್ತಿಯಲ್ಲಿ ಕುಳಿತ ಅನುಭವ ಮಂಟಪದ ವಾರಸುದಾರರಾದ ನಾವು, ಗುಡಿಸಿದ್ದಕ್ಕೆ ಸುಂಕ ಕೇಳಿದಾಗ ಏನು ಮಾಡಬೇಕು? ಈ ತಿಂಗಳ ಅಂಕಣದ ವಿಷಯ ಇದು. ಈಚೆಗೆ ಇದೇ ಬಗೆಯ ಪ್ರಶ್ನೆಯನ್ನು ಒಬ್ಬರಲ್ಲ, ನಾಲ್ವರು ಭಕ್ತರು ನನ್ನ ಮುಂದಿಟ್ಟರು. ಅವುಗಳಲ್ಲಿ ಬಂಡೂರಿನ ಒಬ್ಬ ತಾಯಿಯ ವಿಷಯ ಎಲ್ಲಕ್ಕಿಂತ ಸ್ಪಷ್ಟವಾಗಿರುವುದರಿಂದ ಅದನ್ನೇ ಎತ್ತಿಕೊಳ್ಳುತ್ತೇನೆ.

ಮಳವಳ್ಳಿ ಸೀಮೆಯ ಬಂಡೂರು ಎಂದೊಡನೆ ಜನಕ್ಕೆ ನೆನಪಾಗುವುದು ಆ ಊರಿನ ಹೆಸರು ಹೊತ್ತ ಗಿಡ್ಡ ಕಾಲಿನ ಕುರಿಯ ತಳಿ. ನಾನು ಹೇಳಹೊರಟ ಮನೆಯಲ್ಲಿ ಇರುವುದು ಎರಡು ಹಸು ಮಾತ್ರ. ಯಜಮಾನರು ಲಿಂಗೈಕ್ಯರಾಗಿ ಆರು ವರ್ಷ ಕಳೆದಿದೆ. ಡೇರಿಗೆ ಹಾಕುವ ಹಾಲಿನ ಬಟವಾಡೆಯಲ್ಲಿಯೂ, ಇರುವ ಅಲ್ಪ ಗದ್ದೆಯ ಗುತ್ತಿಗೆಯಲ್ಲಿಯೂ ಆ ತಾಯಿಯ ಜೀವನ ನಡೆಯುತ್ತದೆ. ಯಜಮಾನರು ಬದುಕಿದ್ದಾಗ ಹತ್ತಿರದ ಪಟ್ಟಣವೊಂದರಲ್ಲಿ 30ಕ್ಕೆ 40 ಅಡಿಯ ಒಂದು ನಿವೇಶನ ಕೊಂಡಿದ್ದರು. ಮಗಳ ಹೆಸರಿಗೆಂದು ಇಟ್ಟ ಆ ನೆಲ ಮನೆ ಏಳದೆ ಖಾಲಿ ಬಿದ್ದಿದೆ. ಕಳೆದ ವರ್ಷ ಕಂದಾಯ ಕಟ್ಟಲು ಹೋದಾಗ ಅಲ್ಲಿಯ ಕಚೇರಿಯವರು ಕಂದಾಯದ ಜೊತೆಗೆ ಇನ್ನೊಂದು ಬಾಬನ್ನು ತೋರಿಸಿದರು: ಖಾಲಿ ನಿವೇಶನದ ಗಿಡಗಂಟಿ ಹಾಗೂ ಕಸ ತೆರವು ಮಾಡಿಸಿದ ವೆಚ್ಚ, ಯಂತ್ರ ಎಂಟು ಗಂಟೆ, ಗಂಟೆಗೆ 1,200 ರೂ.ನಂತೆ ಒಟ್ಟು 9,600 ರೂ. ಅದನ್ನು ಕಟ್ಟದಿದ್ದರೆ ಕಂದಾಯವನ್ನೂ ಕಟ್ಟಿಸಿಕೊಳ್ಳುವುದಿಲ್ಲವೆಂದು ಹೇಳಿದರಂತೆ.

ಆ ತಾಯಿ ನನ್ನಲ್ಲಿಗೆ ಬಂದುದು ತಕರಾರು ಮಾಡಲೆಂದಲ್ಲ. “ಅಯ್ನೋರೆ, ಸರ್ಕಾರದೋರು ಬರ್ದು ಕೊಟ್ಟವ್ರೆ ಅಂದ್ಮೇಲೆ ಕೊಡ್ದೆ ಇರಕ್ಕಾದದ? ಒಂದು ಹಸ ಮಾರಿ ಕೊಟ್ಬುಟ್ರೆ ಋಣ ತೀರ್ತದಲ್ವ?” ಎಂದು ಕೇಳಲು ಬಂದಿದ್ದರು.

“ತಾಯಿ, ಋಣ ಎಷ್ಟಿದೆ ಎಂಬುದನ್ನು ಮೊದಲು ತಿಳಿಯೋಣ. ತೀರಿಸುವ ಮಾತು ಆಮೇಲೆ” ಎಂದೆ.

ಅವರ ಸುತ್ತ ಸಲಹೆಗಾರರಿಗೆ ಕೊರತೆಯಿರಲಿಲ್ಲ. ಒಬ್ಬ ಬಂಧು, ನಮ್ಮ ನೆಲ ನಮ್ಮಿಷ್ಟ, ಒಂದು ಕಾಸೂ ಕೊಡಬೇಡಿ ಎಂದಿದ್ದ. ಕಚೇರಿಯ ಮೆಟ್ಟಿಲ ಮೇಲೆಯೇ ಕಾಲ ಕಳೆಯುವ ಮಧ್ಯವರ್ತಿಯೊಬ್ಬ, 3,000 ರೂ. ತನ್ನ ಕೈಗೆ ಕೊಟ್ಟರೆ ಬಾಬನ್ನೇ ತೆಗೆಸಿಬಿಡುತ್ತೇನೆಂದು ಭರವಸೆ ಕೊಟ್ಟಿದ್ದ. ಹಿರಿಯರೊಬ್ಬರು, ಮಾನವಂತರು ಕಚೇರಿಯಲ್ಲಿ ಚೌಕಾಸಿ ಮಾಡಬಾರದು, ಹೋದ ಹಣ ಹೋಯಿತೆಂದು ಕಟ್ಟಿಬಿಡಿ ಎಂದಿದ್ದರು. ಈ ಮೂರೂ ಮಾತುಗಳು ನನಗೆ ಒಪ್ಪಿಗೆಯಾಗಲಿಲ್ಲ. ಮಧ್ಯವರ್ತಿಯ ಮಾತಿಗೆ ಉತ್ತರವೇ ಬೇಡ. ಉಳಿದ ಎರಡನ್ನು ವಿಚಾರಿಸೋಣ.

ಮೊದಲನೆಯದು, ನಮ್ಮ ನೆಲ ನಮ್ಮಿಷ್ಟ ಎಂಬುದು. ಆ ನಿವೇಶನದಲ್ಲಿ ಬೆಳೆದಿದ್ದುದು ನಮ್ಮ ಜನ ಕಾಂಗ್ರೆಸ್ ಗಿಡ ಎಂದು ಕರೆಯುವ ಪಾರ್ಥೇನಿಯಂ. ಅಮೆರಿಕ ಖಂಡದ ಈ ಕಳೆಯನ್ನು ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯ ಬಳಿ ಗುರುತಿಸಿದರು. ಎರಡು ದಶಕ ಕಳೆಯುವುದರೊಳಗೆ ಅದು ಕರ್ನಾಟಕದ ಬಯಲುಗಳನ್ನು ತುಂಬಿತು. ಒಂದೊಂದು ಗಿಡ ಸಾವಿರಾರು ಬೀಜಗಳನ್ನು ಚೆಲ್ಲುತ್ತದೆ. ಮುಟ್ಟಿದವರಿಗೆ ಚರ್ಮದ ಕೆರೆತ, ಅದರ ಪರಾಗವನ್ನು ಉಸಿರಾಡಿದವರಿಗೆ ಉಬ್ಬಸ. 1968ರ ಕರ್ನಾಟಕ ಕೃಷಿ ಕೀಟ ಮತ್ತು ರೋಗಗಳ ಕಾಯಿದೆಯ ಅಡಿಯಲ್ಲಿ 1975ರಲ್ಲಿ ಇದನ್ನು ಪೀಡೆಯ ಕಳೆಯೆಂದು ಘೋಷಿಸಿದರು. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟು ನೋಡಿದರು. ದುಂಬಿ ತಿಂದದ್ದು ತಿಂದಿತು, ಗಿಡ ಉಳಿದದ್ದು ಉಳಿಯಿತು. ನಮ್ಮ ನಿವೇಶನದ ಗಿಡದಿಂದ ಪಕ್ಕದ ಮನೆಯ ಮಗುವಿಗೆ ಉಬ್ಬಸ ಬರುವುದಾದರೆ ನಮ್ಮಿಷ್ಟ ಎಂಬ ಮಾತಿಗೆ ಅರ್ಥವಿಲ್ಲ. ಒಡೆಯನು ತೆಗೆಸದಿದ್ದರೆ ನೋಟೀಸು ಕೊಟ್ಟು, ಆಗಲೂ ತೆಗೆಸದಿದ್ದರೆ ತಾನೇ ತೆಗೆಸಿ, ತಗುಲಿದ ವೆಚ್ಚವನ್ನು ಒಡೆಯನಿಂದ ವಸೂಲು ಮಾಡುವ ಅಧಿಕಾರವನ್ನು ಕಾಯಿದೆ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿದೆ. ಕೊಟ್ಟಿರುವುದು ನ್ಯಾಯವೂ ಹೌದು.

ಈ ಏರ್ಪಾಡು ನಮ್ಮಲ್ಲಿ ಮಾತ್ರ ಇರುವುದಲ್ಲ. ಆ ತಾಯಿಯ ಮಗ ಅಮೆರಿಕದ ಮಿನೆಸೋಟ ರಾಜ್ಯದ ಒಂದು ಊರಿನಲ್ಲಿದ್ದಾನೆ. ದೂರವಾಣಿಯಲ್ಲಿ ಅವನು ಹೇಳಿದ ಸಂಗತಿ ಕೌತುಕವಾಗಿತ್ತು. ಅಲ್ಲಿ ಚಳಿಗಾಲದಲ್ಲಿ ಬೀಳುವ ಹಿಮವನ್ನು ಮನೆಯ ಮುಂದಿನ ಕಾಲುದಾರಿಯಿಂದ ಮನೆಯವರೇ ಎತ್ತಿ ಹಾಕಬೇಕು. ಕಾಲುದಾರಿ ನಗರದ್ದು, ಸಲಿಕೆ ಮನೆಯವರದು! ಆ ರಾಜ್ಯದ ದೊಡ್ಡ ನಗರವಾದ ಮಿನಿಯಾಪೊಲಿಸ್‌ನಲ್ಲಿ ಹಿಮ ನಿಂತ 24 ಗಂಟೆಯೊಳಗೆ ವಾಸದ ಮನೆಗಳವರು ದಾರಿ ಬಿಡಿಸಿರಬೇಕೆಂಬ ನಿಯಮವಿದೆ. ಬಿಡಿಸದಿದ್ದರೆ ನಗರಾಡಳಿತ ಗುತ್ತಿಗೆದಾರನಿಂದ ಬಿಡಿಸಿ, ಮನೆಯೊಡೆಯನಿಗೆ ಬಿಲ್ಲು ಕಳಿಸುತ್ತದೆ. ಕಟ್ಟದಿದ್ದರೆ ಅದು ಆಸ್ತಿ ತೆರಿಗೆಯ ಜೊತೆ ಸೇರುತ್ತದೆ. ಮುದುಕರು, ಗಾಲಿಕುರ್ಚಿಯವರು, ಶಾಲೆಯ ಮಕ್ಕಳು ಜಾರಿ ಬೀಳಬಾರದೆಂಬುದೇ ಇದರ ಉದ್ದೇಶ. ನನಗೆ ವಿಶೇಷವೆನಿಸಿದ್ದು ಇಷ್ಟು: ಆ ರಾಜ್ಯದ ಕಾನೂನಿನಲ್ಲಿ ಕಾಲುದಾರಿಯ ಹಿಮ ತೆಗೆಸಿದ ವೆಚ್ಚ, ಖಾಸಗಿ ನೆಲದ ಕಳೆ ತೆಗೆಸಿದ ವೆಚ್ಚ ಎರಡನ್ನೂ ಒಂದೇ ಕಲಮಿನಲ್ಲಿ ಸೇರಿಸಿದ್ದಾರೆ. ಹಿಮವಾದರೂ ಬಿಸಿಲಿಗೆ ತಾನೇ ಕರಗೀತು. ಕಾಂಗ್ರೆಸ್ ಗಿಡ ಬಿಸಿಲಿಗೆ ಇನ್ನಷ್ಟು ಹೂ ಬಿಡುತ್ತದೆ.

ಅದೇ ಕಾನೂನು ಮನೆಯೊಡೆಯನಿಗೂ ಒಂದು ಬಾಗಿಲನ್ನು ತೆರೆದಿಟ್ಟಿದೆ. ವೆಚ್ಚವನ್ನು ಆಸ್ತಿಯ ಮೇಲೆ ಹೇರುವ ಮೊದಲು ಸಭೆಯ ದಿನವನ್ನು ತಿಳಿಸಬೇಕು. ಒಡೆಯನು ಸಹಿ ಮಾಡಿದ ಆಕ್ಷೇಪಣೆಯನ್ನು ಸಭೆಗೆ ಮೊದಲು ಅಥವಾ ಸಭೆಯಲ್ಲಿ ಕೊಡಬಹುದು. ಆ ಮೇಲೆ 30 ದಿನದೊಳಗೆ ನ್ಯಾಯಾಲಯಕ್ಕೆ ಹೋಗಬಹುದು. ಬರಹದಲ್ಲಿ ಆಕ್ಷೇಪಣೆ ಕೊಡದೆ ಸುಮ್ಮನೆ ಕೂಗಾಡಿದವನಿಗೆ ಮೇಲ್ಮನವಿಯ ದಾರಿ ಮುಚ್ಚಿದಂತೆಯೇ. ಈ ಹುಡುಗನಿಗೂ ಒಂದು ಚಳಿಗಾಲದಲ್ಲಿ, ಅವನು ಊರಿಗೆ ಬಂದಿದ್ದಾಗ, ಅಂಥ ಬಿಲ್ಲು ಬಂದಿತ್ತಂತೆ. ಅವನು ಬರೆದು ಕೇಳಿದ, ಅವರು ಯಾವ ದಿನ ನೋಡಿದರು, ಯಾವ ದಿನ ಎತ್ತಿಸಿದರು, ಎಷ್ಟು ಕೊಟ್ಟರು ಎಂಬುದನ್ನು ತೋರಿಸಿದರು, ಅವನು ಕಟ್ಟಿದ. ಕೇಳಿದ್ದರಲ್ಲಿ ಅವಮಾನವೂ ಇಲ್ಲ, ಕಟ್ಟಿದ್ದರಲ್ಲಿ ಸೋಲೂ ಇಲ್ಲ.

ಇನ್ನು ಮಾನವಂತರು ಚೌಕಾಸಿ ಮಾಡಬಾರದೆಂಬ ಹಿರಿಯರ ಮಾತು. ಇದು ನಮ್ಮ ಮನೆತನಗಳಲ್ಲಿ ಬಹಳ ಬೇರೂರಿದ ಭಾವನೆಯಾದುದರಿಂದ ಇದರ ಬಗ್ಗೆ ಸ್ವಲ್ಪ ಹೆಚ್ಚಾಗಿ ಬರೆಯುತ್ತೇನೆ. ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಬಲ್ಲೆವು. ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಲಕ್ಕಮ್ಮ ಒಳಗೆ ಬಿಟ್ಟುಕೊಳ್ಳದೆ, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದಳು. ಬಿಜ್ಜಳನ ಭಂಡಾರದ ಹಣವನ್ನು ಜಂಗಮರಿಗೆ ಸುರಿದನೆಂಬ ದೂರು ಬಂದಾಗ ಬಸವಣ್ಣನವರು ಲೆಕ್ಕ ಕೇಳಿದ್ದು ಅವಮಾನವೆಂದು ಮುನಿದು ಕೂರಲಿಲ್ಲ, ಲೆಕ್ಕವನ್ನೇ ತೆರೆದಿಟ್ಟರೆಂದು ನಮ್ಮ ಪುರಾಣಗಳು ಹೇಳುತ್ತವೆ. ಹೆಚ್ಚು ತೆಗೆದುಕೊಳ್ಳಬಾರದು, ಕೇಳಿದರೆ ಲೆಕ್ಕ ತೋರಿಸಬೇಕು ಎಂಬುದು ಭಂಡಾರ ಹಿಡಿದವನಿಗೆ ಹೇಳಿದ ಧರ್ಮ. ಹಾಗಾದರೆ ಲೆಕ್ಕ ಕೇಳುವುದು ಭಕ್ತನಿಗೆ ಹೇಗೆ ಅಧರ್ಮವಾದೀತು?

ನಮ್ಮ ಹಳ್ಳಿಗಳ ಹಳೆಯ ಪದ್ಧತಿಯಲ್ಲಿಯೂ ಇದು ಇತ್ತು. ಕೆರೆಯ ನೀರು ಬಿಡುವ ನೀರಗಂಟಿಗೆ, ಕಾವಲಿನ ತಳವಾರನಿಗೆ, ಕಮ್ಮಾರ ಬಡಗಿಗಳಿಗೆ ಕೊಡುವ ಆಯವನ್ನು ಸುಗ್ಗಿಯ ಕಣದಲ್ಲಿ, ಹತ್ತು ಜನರ ಎದುರಿನಲ್ಲಿ ಅಳೆದು ಕೊಡುತ್ತಿದ್ದರು. ನೀರು ಬಾರದ ಗದ್ದೆಯ ಒಡೆಯ ಅಲ್ಲಿಯೇ ಬಾಯಿ ತೆರೆಯುತ್ತಿದ್ದ. ಕೆರೆ ಏರಿಯ ದುರಸ್ತಿಗೆ ಕುಡಿಮರಾಮತ್ತು ಎಂಬ ಕಟ್ಟಳೆಯಿತ್ತು. ಹಿಡುವಳಿಗೆ ತಕ್ಕಂತೆ ಪ್ರತಿ ಮನೆಯಿಂದ ಆಳು ಬರಬೇಕು, ಬಾರದವನು ಅದರ ಬದಲು ಕೊಡಬೇಕು. ಎಷ್ಟು ಆಳು, ಎಷ್ಟು ದಿನ ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಕೊಡುವವನ ಕಣ್ಣ ಮುಂದೆ ಅಳತೆ ನಡೆಯುತ್ತಿದ್ದುದರಿಂದ ಜಗಳ ಕಡಿಮೆಯಿತ್ತೆಂದು ಹೇಳುವಷ್ಟು ನಾನು ಹಳೆಯ ಕಾಲದ ಭಟ್ಟಂಗಿಯಲ್ಲ. ಜಗಳ ಬೇಕಾದಷ್ಟಿತ್ತು. ಆದರೆ ಜಗಳಕ್ಕೆ ಕಣ ಎಂಬ ಒಂದು ಸ್ಥಳವಿತ್ತು.

ಈಗ ಕಾಯಿದೆಯ ಮಾತು. ಸರಕಾರದ ಚೀಟಿಯಲ್ಲಿ ಹಣ ಎಂದು ಬರೆದಿರುವುದೆಲ್ಲ ಒಂದೇ ಜಾತಿಯದಲ್ಲ. ಕಂದಾಯ ಅಥವಾ ತೆರಿಗೆ ಎಂಬುದು ಬೇರೆ, ಶುಲ್ಕವೆಂಬುದು ಬೇರೆ, ದಂಡವೆಂಬುದು ಬೇರೆ, ವೆಚ್ಚದ ವಸೂಲಿಯೆಂಬುದು ಬೇರೆ. ಕಾನೂನಿನ ಬಲವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಬಾರದು, ವಸೂಲು ಮಾಡಬಾರದು ಎಂದು ನಮ್ಮ ಸಂವಿಧಾನದ 265ನೆಯ ವಿಧಿ ಹೇಳುತ್ತದೆ. ತೆರಿಗೆಗೂ ಶುಲ್ಕಕ್ಕೂ ಇರುವ ಅಂತರವನ್ನು ನಮ್ಮ ದೇಶದಲ್ಲಿ ಮೊದಲು ಬಿಡಿಸಿ ಹೇಳಿದ ಪ್ರಮುಖ ತೀರ್ಪು ಒಂದು ಮಠದ ಮೊಕದ್ದಮೆಯಲ್ಲಿ ಬಂದುದು ಎಂಬುದನ್ನು ಮಠಗಳ ಭಕ್ತರಾದ ನಾವು ತಿಳಿದಿರಬೇಕು. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥರಿಗೂ ಅಂದಿನ ಮದರಾಸು ಸರಕಾರದ ಧರ್ಮಾದಾಯ ಇಲಾಖೆಗೂ ನಡೆದ ವ್ಯಾಜ್ಯವದು. ಉಡುಪಿ ಆಗ ಮದರಾಸು ರಾಜ್ಯದಲ್ಲಿತ್ತು. 1951ರ ಅಲ್ಲಿಯ ಕಾಯಿದೆ, ಸರಕಾರ ಸಲ್ಲಿಸುವ ಸೇವೆಗೆಂದು ಮಠಮಂದಿರಗಳ ಆದಾಯದಲ್ಲಿ ಶೇಕಡಾ 5ನ್ನು ಮೀರದ ವಂತಿಗೆಯನ್ನು ಕೇಳುತ್ತಿತ್ತು. 1954ರ ಮಾರ್ಚ್ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರ ಲೇಖನಿಯಿಂದ, ಇದು ಶುಲ್ಕವಲ್ಲ ತೆರಿಗೆ ಎಂದು ತೀರ್ಮಾನಿಸಿತು. ಕಾರಣವೇನೆಂದರೆ, ಬಂದ ಹಣ ರಾಜ್ಯದ ಸಾಮಾನ್ಯ ಬೊಕ್ಕಸಕ್ಕೆ ಬೀಳುತ್ತಿತ್ತು. ಸೇವೆಗೆ ತಗಲುವ ವೆಚ್ಚಕ್ಕೂ ಕೇಳುವ ಹಣಕ್ಕೂ ಸಂಬಂಧವಿರಲಿಲ್ಲ. ಅಂಥ ತೆರಿಗೆ ವಿಧಿಸುವ ಅಧಿಕಾರ ರಾಜ್ಯದ ಶಾಸನಸಭೆಗಿಲ್ಲವೆಂದು ಆ ಕಲಮನ್ನು ತಳ್ಳಿಹಾಕಿದರು. ಮುಂದೆ 1983ರ ಒಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ, ಕೊಟ್ಟ ಶುಲ್ಕಕ್ಕೂ ಪಡೆದ ಸೇವೆಗೂ ತಕ್ಕಡಿಯಲ್ಲಿ ತೂಗಿದಷ್ಟು ಸಮ ಇರಬೇಕಾಗಿಲ್ಲ, ಸ್ಥೂಲವಾದ ಸಂಬಂಧವಿದ್ದರೆ ಸಾಕು ಎಂದು ಸಡಿಲಿಸಿತು. ಮಾರುಕಟ್ಟೆ ಶುಲ್ಕದಂಥವಕ್ಕೆ ಅದು ಸರಿಯೇ ಇರಬಹುದು.

ಆದರೆ ಆ ತಾಯಿಯ ಚೀಟಿಯಲ್ಲಿದ್ದುದು ತೆರಿಗೆಯೂ ಅಲ್ಲ, ಶುಲ್ಕವೂ ಅಲ್ಲ, ದಂಡವೂ ಅಲ್ಲ. ತೆರವು ಮಾಡಿಸಿದ ವೆಚ್ಚ ಎಂದು ಅವರೇ ಬರೆದಿದ್ದರು. ವೆಚ್ಚವೆಂದ ಮೇಲೆ ಆದ ವೆಚ್ಚವನ್ನೇ ಕೇಳಬೇಕು, ಅದಕ್ಕಿಂತ ಒಂದು ರೂಪಾಯಿ ಹೆಚ್ಚಲ್ಲ. ಬುದ್ಧಿ ಕಲಿಸಬೇಕೆಂದಿದ್ದರೆ ದಂಡವೆಂದು ಬರೆದು, ಅದಕ್ಕೆ ಯಾವ ನಿಯಮದ ಆಧಾರವೆಂಬುದನ್ನು ತೋರಿಸಲಿ. 30ಕ್ಕೆ 40 ಎಂದರೆ 1,200 ಚದರಡಿ. ಒಂದು ಗುಂಟೆಗೆ 1,089 ಚದರಡಿ ಎಂಬ ಲೆಕ್ಕದಲ್ಲಿ ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು. ಕುಡುಗೋಲು ಹಿಡಿದ ಇಬ್ಬರು ಆಳುಗಳ ಒಂದು ದಿನದ ಕೆಲಸವದು. ಅಷ್ಟು ನೆಲವನ್ನು ಕೆರೆಯಲು ಯಂತ್ರಕ್ಕೆ ಎಂಟು ಗಂಟೆ ಹಿಡಿಯಿತೆಂದರೆ ಒಕ್ಕಲುತನ ಬಲ್ಲ ಯಾರೂ ನಂಬಲಾರರು.

ಹಾಗಾಗಿ ಮೊದಲು ಒಂದು ಆಕ್ಷೇಪಣೆಯ ಪತ್ರ ಬರೆಯಿಸಿದೆವು. ಅದರಲ್ಲಿ ಸಿಟ್ಟಿನ ಮಾತು ಒಂದೂ ಇರಲಿಲ್ಲ. ಗಿಡಗಂಟಿ ಬೆಳೆದಿದ್ದುದು ನಿಜ, ತೆಗೆಸಿದ ನಿಜವಾದ ವೆಚ್ಚವನ್ನು ಕೊಡಲು ಸಿದ್ಧ, ಆದರೆ ಮೊತ್ತದ ಬಗ್ಗೆ ಆಕ್ಷೇಪಣೆಯಿದೆ, ವಿಚಾರಣೆ ಮಾಡಿ ತಿಳಿಸಬೇಕು, ಅಲ್ಲಿಯವರೆಗೆ ಕಂದಾಯವನ್ನು ಬೇರೆಯಾಗಿ ಸ್ವೀಕರಿಸಬೇಕು ಎಂದಿಷ್ಟೇ. ಎರಡು ಪ್ರತಿ ಮಾಡಿಸಿ ಒಂದರ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಂಡುದಾಯಿತು. ಮೊಹರು ಬೀಳದ ಅರ್ಜಿ ಕೊಟ್ಟರೂ ಕೊಡದಂತೆಯೇ. ಇದನ್ನು ನಮ್ಮ ಭಕ್ತರು ಎಷ್ಟು ಸಲ ಹೇಳಿದರೂ ಮರೆಯುತ್ತಾರೆ.

ಜೊತೆಗೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂ. ಶುಲ್ಕದೊಡನೆ ಒಂದು ಅರ್ಜಿ. ಬಡತನ ರೇಖೆಯ ಕೆಳಗಿನವರಿಗೆ ಆ ಹತ್ತು ರೂಪಾಯಿಯೂ ಬೇಡ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನದ ಅವಧಿ. ಬಾರದಿದ್ದರೆ ಅಥವಾ ಅರೆಬರೆ ಬಂದರೆ ಮತ್ತೆ 30 ದಿನದೊಳಗೆ ಮೊದಲನೆಯ ಮೇಲ್ಮನವಿ. ಯಾಕೆ ಹಾಕಿದಿರಿ, ಇದು ನ್ಯಾಯವೆ ಎಂದೆಲ್ಲ ಅದರಲ್ಲಿ ಕೇಳಿ ಪ್ರಯೋಜನವಿಲ್ಲ. ಆ ಕಾಯಿದೆ ಕೊಡುವುದು ದಾಖಲೆಯನ್ನು, ಸಮಾಧಾನವನ್ನಲ್ಲ. ಆದುದರಿಂದ ನೋಟೀಸಿನ ಪ್ರತಿ, ಅದು ಮುಟ್ಟಿದ್ದಕ್ಕೆ ಗುರುತು, ಆ ದಿನದ ಯಂತ್ರದ ಲಾಗ್ ಪುಸ್ತಕದ ಪುಟ, ಬಾಡಿಗೆ ಕೊಟ್ಟ ವೋಚರು ಇಷ್ಟನ್ನೇ ಕೇಳಿದೆವು.

ಇಪ್ಪತ್ತಾರನೆಯ ದಿನ ಉತ್ತರ ಬಂತು. ಲಾಗ್ ಪುಸ್ತಕದ ಪುಟದಲ್ಲಿ ಆ ದಿನ ಯಂತ್ರ ಕೆಲಸ ಮಾಡಿದ್ದು ಒಟ್ಟು ಎಂಟು ಗಂಟೆ. ತೆರವು ಮಾಡಿದ್ದು ಒಂದೇ ಅಳತೆಯ ಅಕ್ಕಪಕ್ಕದ ನಾಲ್ಕು ನಿವೇಶನ. ಗುತ್ತಿಗೆದಾರನಿಗೆ ಕೊಟ್ಟ ವೋಚರು 9,600 ರೂ.ನದು. ವಿಚಾರಿಸಿದಾಗ ಉಳಿದ ಮೂವರಿಗೂ ತಲಾ 9,600 ರೂ. ಬಿಲ್ಲು ಹೋಗಿರುವುದು ತಿಳಿಯಿತು. ಎಂಟು ಗಂಟೆಯ ಕೆಲಸ ಕಾಗದದ ಮೇಲೆ ಒಂದೇ ದಿನದಲ್ಲಿ ಮೂವತ್ತೆರಡು ಗಂಟೆಯಾಗಿತ್ತು! ಇದು ಬೇಕೆಂದು ಮಾಡಿದ್ದೋ, ಗುಮಾಸ್ತನು ಒಂದೇ ಸಾಲನ್ನು ನಾಲ್ಕು ಕಡೆ ಇಳಿಸಿದ್ದೋ ನಾನು ನಿರ್ಣಯಿಸಲಾರೆ. ಸಾಲು ಇಳಿಸಿದ್ದೇ ಇರಬೇಕೆಂದು ನನ್ನ ಊಹೆ.

ನೋಟೀಸಿನ ವಿಷಯದಲ್ಲಿ ಮಾತ್ರ ನಾನು ಆ ತಾಯಿಯ ಪಕ್ಷವನ್ನು ವಹಿಸಲಿಲ್ಲ. ಕಚೇರಿಯವರು ನೋಟೀಸು ಕಳಿಸಿದ್ದರು, ಲಿಂಗೈಕ್ಯರಾದ ಯಜಮಾನರ ಹೆಸರಿಗೆ. ಖಾತೆ ಇನ್ನೂ ಅವರ ಹೆಸರಿನಲ್ಲಿಯೇ ಇದ್ದರೆ ಕಚೇರಿಯವರಾದರೂ ಇನ್ನಾರಿಗೆ ಕಳಿಸಬೇಕು? ಆರು ವರ್ಷದಿಂದ ಪೌತಿ ಖಾತೆ ಮಾಡಿಸದೆ ಬಿಟ್ಟಿದ್ದರು. ನಮ್ಮ ಮನೆಗಳಲ್ಲಿ ಗಣಾರಾಧನೆಯನ್ನು ಸಾಲ ಮಾಡಿಯಾದರೂ ಸಾಂಗವಾಗಿ ನೆರವೇರಿಸುತ್ತಾರೆ. ಮರಣ ಪತ್ರ, ವಂಶವೃಕ್ಷ ಹಿಡಿದುಕೊಂಡು ಹೋಗಿ ಖಾತೆ ಬದಲಾಯಿಸುವ ಕೆಲಸ ಮಾತ್ರ ವರ್ಷಗಟ್ಟಲೆ ನಾಳೆಗೆ ಬೀಳುತ್ತದೆ. ವಿಧವೆಯರಿಗೆ ಆಗುವ ಅನ್ಯಾಯಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಹುಟ್ಟುತ್ತವೆ ಎಂದು ನನ್ನ ಅನುಭವ.

ಬಾರದ ಸೇವೆಗೆ ಹಣ ಕೇಳಿದರೆ, ಕೇಳಿದ ಪ್ರಶ್ನೆಗೆ ಉತ್ತರ ಬಾರದೆ ಹೋದರೆ ಏನಾಗುತ್ತದೆಂಬುದನ್ನು ಈ ನಾಡು ಒಮ್ಮೆ ಕಂಡಿದೆ. ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದ ಸೀಮೆಯ ರೈತರಿಗೆ, ನೀರು ಸರಿಯಾಗಿ ಮುಟ್ಟದ ಹೊಲಗಳಿಗೂ ಸೇರಿ, ಅಭಿವೃದ್ಧಿ ಕರವನ್ನು ವಿಧಿಸಿದ್ದರು. ಮನವಿಗಳು ಹೋದವು, ಮೆರವಣಿಗೆಗಳು ನಡೆದವು. 1980ರ ಜುಲೈ 21ರಂದು ಅದು ಗೋಲೀಬಾರಿನವರೆಗೆ ಹೋಗಿ ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ರಾಜ್ಯ ರೈತ ಸಂಘ ಹುಟ್ಟಿದ್ದು ಆ ಕಿಚ್ಚಿನಲ್ಲಿ. ಒಂದು ನಿವೇಶನದ ಕಳೆಯ ಬಿಲ್ಲನ್ನು ಅದಕ್ಕೆ ಹೋಲಿಸುವುದು ಅತಿಯಾದೀತು, ಬಲ್ಲೆ. ಆದರೆ ಇಂದು ಹತ್ತು ರೂಪಾಯಿಗೆ ಲಾಗ್ ಪುಸ್ತಕದ ಪುಟ ಕೈಗೆ ಬರುತ್ತದೆ. ಅಂದು ಅವರಿಗೆ ಅದು ಇರಲಿಲ್ಲ.

ಲಾಗ್ ಪುಸ್ತಕದ ಪ್ರತಿಯನ್ನು ಆಕ್ಷೇಪಣೆಯ ಪತ್ರದೊಡನೆ ಸೇರಿಸಿ ಕೊಟ್ಟ ಮೇಲೆ ಎರಡು ಸಲ ಮುಂದೂಡಿ, ಮೂರನೆಯ ಸಲ ವಿಚಾರಣೆಗೆ ಕರೆದರು. ಹೊಸದಾಗಿ ಬಂದಿದ್ದ ಅಧಿಕಾರಿ ಪುಟವನ್ನು ನೋಡಿ ಹೆಚ್ಚು ಮಾತನಾಡಲಿಲ್ಲ. ಮೊತ್ತವನ್ನು ನಾಲ್ಕು ಪಾಲು ಮಾಡಿ 2,400 ರೂ. ಎಂದು ತಿದ್ದಿ ಸಹಿ ಹಾಕಿದರು. ಆ ತಾಯಿ ಅಂದೇ ಅದನ್ನು ಕಟ್ಟಿ ರಸೀದಿ ಪಡೆದರು, ಹಸು ಮಾರಬೇಕಾಗಲಿಲ್ಲ. ಉಳಿದ ಮೂವರಲ್ಲಿ ಇಬ್ಬರು ಆಗಲೇ ಪೂರ್ತಿ ಹಣ ಕಟ್ಟಿಬಿಟ್ಟಿದ್ದರು. ಹೆಚ್ಚು ಕಟ್ಟಿದ 7,200 ರೂ.ಗಳನ್ನು ಮುಂದಿನ ವರ್ಷಗಳ ಕಂದಾಯಕ್ಕೆ ಹೊಂದಿಸಿಕೊಡಬೇಕೆಂದು ಅವರು ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಅವರಲ್ಲಿ ಒಬ್ಬರು ಅರ್ಜಿಗೆ ಮೊಹರು ಹಾಕಿಸಿಕೊಂಡಿರಲಿಲ್ಲವಾದುದರಿಂದ ಮತ್ತೆ ಕೊಡಬೇಕಾಗಿದೆ.

ಖಾತೆ ಈಗ ಆ ತಾಯಿಯ ಹೆಸರಿಗೆ ಬಂದಿದೆ. ಈ ಸಲ ಮುಂಗಾರು ಬಿದ್ದು ಗಿಡ ಹೂ ಬಿಡುವ ಮೊದಲೇ ನಿವೇಶನದ ಪಕ್ಕದ ಕೇರಿಯ ಇಬ್ಬರು ಆಳುಗಳಿಂದ ಬೇರುಸಹಿತ ಕೀಳಿಸಿದರು. ಕೊಟ್ಟ ಕೂಲಿ ಒಟ್ಟು 1,000 ರೂ. ಅದಕ್ಕೂ ಒಂದು ಚೀಟಿ ಬರೆಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಕಂದಾಯದ ರಸೀದಿಗಳ ಜೊತೆಗೆ ಇಟ್ಟಿದ್ದಾರೆ.